ಎಂಟು ದಿನ ಮೊದಲೇ ಬೆಳಗಿದ ದೀಪ

"ಸುಕ್ಕು," ಅಂದರು ಸ್ಟುಡಿಯೋ ಮಾವ, ಭೂತಗನ್ನಡಿಯನ್ನು ಕಂಪ್ಯೂಟರ್ ಪರದೆಗೆ ಹೆಚ್ಚುಕಮ್ಮಿ ಅಂಟಿಸಿಕೊಂಡೇ.

ಪುಟ್ಟಿ ತಟ್ಟನೆ ಕೆನ್ನೆ ಮುಟ್ಟಿಕೊಂಡಳು.

"ನಿಂದಲ್ಲ ಮಹರಾಯ್ತಿ, ದೀಪದ್ದು. ಇಲ್ಲಿ ನೋಡು, ಅಂಟಿಸಿದ ಅಂಚಿನ ಪಕ್ಕ. ಅಕ್ಕಿಕಾಳಿನಷ್ಟು ಉದ್ದ."

ಸ್ಟುಡಿಯೋ ಮಾವ ಪುಟ್ಟಿಯ ತಾಯಿಗೆ ಅಣ್ಣ. ಮೂವತ್ತೆಂಟು ವರ್ಷ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಮದುಮಕ್ಕಳ ಮೊಡವೆ, ಮಚ್ಚೆ, ಮುಖದ ಮೇಲಿನ ಮುನಿಸು ಎಲ್ಲವನ್ನೂ ಅಳಿಸಿದವರು. ಅಳಿಸಲು ಬಲ್ಲವನಿಗೆ ಅಳಿಸಿದ್ದನ್ನು ಹುಡುಕಲೂ ಬರುತ್ತದೆ ಎಂಬುದೇ ಅವರ ಪತ್ತೇದಾರಿಯ ಒಟ್ಟು ಬಂಡವಾಳ.

ಪುಟ್ಟಿ ಹೆಸರಿಗಷ್ಟೇ ಪುಟ್ಟಿ, ವಯಸ್ಸು ಮೂವತ್ತಾರು. ಕಾಗದದ ಲ್ಯಾಂಪ್ ಶೇಡ್ ಮಾಡಿ 'ಮಂದಹಾಸ' ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಾಳೆ. ದೀಪಗಳಿಗೆ ಟೋಪಿ ಹಾಕುವವಳಿಗೇ ಯಾರೋ ಟೋಪಿ ಹಾಕಿದ್ದಾರೆ ಎಂಬಲ್ಲಿಗೆ ಹೋದ ವಾರದ ಕಂತಿನಲ್ಲಿ ನಾವು ನಿಂತಿದ್ದೆವು.

ಹಾಕಿದವರ ಅಂಗಡಿಯ ಹೆಸರು 'ಬೆಳಕಿನ ಬುಟ್ಟಿ'. ಮಾಲೀಕರು ಯಾರೋ, ಎಲ್ಲಿಯವರೋ ಪತ್ತೆಯಿಲ್ಲ. ಪುಟ್ಟಿಯ ಪ್ರತಿಯೊಂದು ಹೊಸ ಶೇಡಿನ ಚಿತ್ರವೂ ಅವಳಿಗಿಂತ ವಾರ ಮೊದಲೇ ಅವರ ಪುಟದಲ್ಲಿ ಮೂಡುತ್ತಿತ್ತು. ಸಾಲದ್ದಕ್ಕೆ 'ಮಂದಹಾಸದವರೇ ನಮ್ಮನ್ನು ನಕಲು ಮಾಡುತ್ತಿದ್ದಾರೆ' ಎಂದು ಅವರೇ ದೂರು ಕೊಟ್ಟಿದ್ದರು. ಕದ್ದವನೇ ಓಣಿಯಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತ 'ಕಳ್ಳ, ಕಳ್ಳ' ಎಂದು ಕೂಗಿದ ಹಾಗೆ.

ದೂರು ಹೋದದ್ದು ಚಿತ್ರ ನೋಡಿ ಚಿತ್ರ ಹುಡುಕುವ ಜಾಲತಾಣಕ್ಕೆ. ಮನೆಯಲ್ಲಿ ಎಲ್ಲರೂ ಅದನ್ನು 'ಗೋಡೆ' ಎನ್ನುತ್ತಾರೆ. ಅಲ್ಲಿ ಯಾವುದೋ ಕೋಣೆಯ ಫೋಟೋದಲ್ಲಿ ಮೆಚ್ಚಿದ ದೀಪದ ಮೇಲೆ ಬೆರಳಿಟ್ಟರೆ ಸಾಕು, ಅಂಥವೇ ಮುನ್ನೂರು ದೀಪ ಸಾಲುಗಟ್ಟಿ ಬರುತ್ತವೆ. ಒಂದನ್ನು ಮುಟ್ಟಿದರೆ ಮಾರುವವರ ಅಂಗಡಿಯ ಬಾಗಿಲು ತೆರೆಯುತ್ತದೆ. ಎರಡು ವರ್ಷದಲ್ಲಿ ಪುಟ್ಟಿ ಆ ಗೋಡೆಗೆ ನಾನೂರ ಹನ್ನೆರಡು ಚಿತ್ರ ಅಂಟಿಸಿದ್ದಳು. ಅವಳ ಗಿರಾಕಿಗಳೆಲ್ಲ ಹೆಚ್ಚುಕಮ್ಮಿ ಆ ಗೋಡೆ ಹಾರಿಯೇ ಬಂದವರು.

ಇವತ್ತು ಸಂಜೆ ಐದರೊಳಗೆ ಶೇಡುಗಳು ತನ್ನವೇ ಎಂದು ಅವಳು ರುಜುವಾತು ಕೊಡದಿದ್ದರೆ ನಾನೂರ ಹನ್ನೆರಡೂ ಅಳಿಸಿಹೋಗುತ್ತವೆ. ಗೋಡೆ ಹೋದರೆ ಅಂಗಡಿಯೂ ಹೋಯಿತು. ವಿಮಾ ಕಚೇರಿಯ ನೌಕರಿ ಬಿಟ್ಟು ಕತ್ತರಿ ಹಿಡಿದವಳು ಮತ್ತೆ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕು.

ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

"ಸುಕ್ಕಿದ್ರೆ ಏನೀಗ ಮಾವ?"

"ಶೇಡು ಮಾಡಿ ಎಷ್ಟು ದಿನಕ್ಕೆ ಫೋಟೋ ತೆಗೀತೀಯ?"

"ಎಂಟು ದಿನ ಆದ್ಮೇಲೆ. ನಿಮಗೆ ಗೊತ್ತಲ್ಲ."

ಅದು ಪುಟ್ಟಿಯ ಕೆಲಸದ ಕಟ್ಟಳೆ. ಹೊಸ ಶೇಡನ್ನು ನಡುಮನೆಯ ಮೇಜಿನ ದೀಪಕ್ಕೆ ತೊಡಿಸಿ ಎಂಟು ದಿನ ಉರಿಸುತ್ತಾಳೆ. ಬಲ್ಬಿನ ಕಾವಿಗೆ ಕಾಗದ ಬಿಗಿದುಕೊಳ್ಳುತ್ತದೆ. ಅಂಟು ಕಲೆ ಬಿಡುವುದಿದ್ದರೆ ಅಷ್ಟರಲ್ಲಿ ಬಿಟ್ಟು ಮಾನ ಕಳೆಯುತ್ತದೆ. ಎಂಟು ದಿನ ಮರ್ಯಾದೆಯಾಗಿ ಉರಿದ ಶೇಡಿಗಷ್ಟೇ ಫೋಟೋ ಭಾಗ್ಯ, ಗೋಡೆಯ ಭಾಗ್ಯ.

"ಈ ಸುಕ್ಕು ಹೋಗೋದು ಯಾವಾಗ?"

"ಎರಡನೇ ದಿನಕ್ಕೇ ಹೋಗುತ್ತೆ. ಮೊದಲನೇ ದಿನ ಮಾತ್ರ..." ಪುಟ್ಟಿಯ ಮಾತು ಅಲ್ಲೇ ಕಾಲು ಮುರಿದುಕೊಂಡು ಕೂತಿತು.

"ಅಂದ್ರೆ ಬುಟ್ಟಿಯವರು ಹಾಕಿರೋ ಈ ಫೋಟೋ ತೆಗೆದಿದ್ದು ನೀನು ಶೇಡು ಹಚ್ಚಿದ ಮೊದಲನೇ ದಿನ," ಅಂದರು ಮಾವ. "ಈ ಮನೇಲಿ, ಈ ಕೋಣೇಲಿ."

ಆಗಲೇ ಕರೆಗಂಟೆ ಮೊಳಗಿತು. ಇಬ್ಬರೂ ಕುರ್ಚಿಯಲ್ಲೇ ನೆಗೆದರು.

ಬಾಗಿಲಲ್ಲಿ ಕೊರಿಯರ್ ಅಣ್ಣ. ಬಲಗೈಯಲ್ಲಿ ಪಾರ್ಸೆಲ್ ಪಟ್ಟಿ, ಎಡಗೈಯಲ್ಲಿ ಸ್ಕೂಟರ್ ಕೀ.

"ಬನ್ನಿ, ಬನ್ನಿ, ಒಳಗೆ ಬಂದು ಕೂತ್ಕೊಳ್ಳಿ," ಎಂದರು ಮಾವ, ಇಲಿಬೋನಿನ ಬಾಗಿಲು ತೆರೆದವರ ಆದರದಲ್ಲಿ.

"ಕೂತ್ರೆ ಕೆಲಸ ಕೆಡುತ್ತೆ ಸಾರ್. ಇನ್ನೂ ಇಪ್ಪತ್ತೆರಡು ಮನೆ ಇದೆ."

"ಈ ಕೋಣೇಲಿ ಯಾವತ್ತಾದ್ರೂ ಕೂತಿದೀರಾ?"

"ಮೂರು ವರ್ಷದಿಂದ ಈ ಹೊಸಿಲು ಬಿಟ್ರೆ ಇನ್ನೇನೂ ನೋಡಿಲ್ಲ. ಅಕ್ಕಾವ್ರು ನೀರು ಕೊಟ್ರೂ ನಿಂತೇ ಕುಡೀತೀನಿ." ಅವನು ಅನುಮಾನದಿಂದ ಭೂತಗನ್ನಡಿಯನ್ನು ನೋಡಿದ. "ಯಾಕ್ ಸಾರ್, ಸಾಹೇಬ್ರು ಕಣ್ಣಿನ ಡಾಕ್ಟ್ರಾ?"

ಎರಡು ಡಬ್ಬ ಹೊತ್ತು ಅವನು ಇಳಿದುಹೋದ. ಮಾವ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ಇಬ್ಬರು ಶಂಕಿತರ ಹೆಸರಿಗೂ ಅಡ್ಡಗೆರೆ ಎಳೆದರು. ಒಂದು ಕೊರಿಯರ್ ಅಣ್ಣ. ಇನ್ನೊಂದು ಮೇಲಿನ ಮಹಡಿಯಿಂದ ಡಬ್ಬ ಕಟ್ಟಲು ಬರುವ ಪ್ಯಾಕಿಂಗ್ ಅಕ್ಕ.

"ಪಾಪ ಅವಳನ್ನ ಯಾಕೆ ಬಿಟ್ರಿ? ಅಲ್ಲ, ಬಿಟ್ಟಿದ್ದು ಒಳ್ಳೇದೇ. ಆದ್ರೂ ಯಾಕೆ?"

"ಫೋಟೋದಲ್ಲಿ ಶೇಡಿನ ಒಳಗಡೆ ಬಲ್ಬಿನ ತಿರುಪು ಕಾಣ್ತಿದೆ. ನಿಂತೋರಿಗೆ ಅದು ಕಾಣಲ್ಲ, ತಗ್ಗಿನಲ್ಲಿ ಕೂತೋರಿಗೇ ಕಾಣೋದು. ನಿನ್ನ ಪ್ಯಾಕಿಂಗ್ ಅಕ್ಕ ಮಂಡಿನೋವು, ಕೂತ್ರೆ ಏಳೋಕಾಗಲ್ಲ ಅಂತ ನಿಂತೇ ಡಬ್ಬ ಕಟ್ತಾಳೆ. ಈ ಮನೇಲಿ ತಗ್ಗಿನಲ್ಲಿ ಕೂರೋರು ಯಾರು?"

ಪುಟ್ಟಿ ಉತ್ತರಿಸುವಷ್ಟರಲ್ಲಿ ಫೋನು ಹಾಡಿತು. ಗಂಡ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಹೋಗಿಯೂ ಜೀವನದಲ್ಲಿ ಮೇಲೆ ಬರಲಿಲ್ಲ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವವನು.

"ನಮಸ್ಕಾರ," ಎಂದಿತು ಮೂಗಿನೊಳಗಿಂದ ಹೊರಟ ಒಂದು ಹೆಣ್ಣುದನಿ. "ತಮ್ಮ ಕರೆ ನಮಗೆ ಅತ್ಯಮೂಲ್ಯ. ಗಂಡನ ಜೊತೆ ಮಾತಾಡಲು ಒಂದನ್ನು ಒತ್ತಿ. ಗಂಡನನ್ನು ಬೈಯಲು ಎರಡನ್ನು ಒತ್ತಿ..."

"ಕರೆ ಮಾಡಿರೋದು ನೀವು ಕಣ್ರೀ."

"ಹೌದಲ್ವಾ! ಹಾಗಾದ್ರೆ ಎರಡೇ ಗ್ಯಾರಂಟಿ." ದನಿ ಗಂಡಿನದಾಯಿತು. "ಏನಾದ್ರೂ ಸಿಕ್ತಾ?"

"ಸುಕ್ಕು ಸಿಕ್ತು."

"ಮಾವಂದಾ?"

ಪುಟ್ಟಿ ಬೆಳಗ್ಗಿನಿಂದ ಮೊದಲ ಸಲ ನಕ್ಕಳು. ಆ ನಗುವಿಗಾಗಿಯೇ ಅವನು ಐದನೇ ಮಹಡಿಯ ಸಂದಿನಲ್ಲಿ ನೇತಾಡುತ್ತ ಫೋನು ಮಾಡಿದ್ದ.

"ನೋಡೇ, ತಲೆ ಕೆಡಿಸ್ಕೋಬೇಡ. ಹೋದ್ರೆ ಹೋಗ್ಲಿ ಬಿಡು, ನಾನಿಲ್ವಾ," ಎಂದು ಅವನು ಫೋನಿಟ್ಟ.

ಮಾವ ಏನೂ ಕೇಳಿಸದವರಂತೆ ಕನ್ನಡಕ ಒರೆಸುತ್ತಿದ್ದರು.

"ಪುಟ್ಟಿ, ನೀನು ಗೋಡೆ ಗೋಡೆ ಅಂತೀಯಲ್ಲ. ಒಂದು ಶೇಡಿನ ಫೋಟೋ ಪೂರ್ತಿ ಕೊಡದೆ ಬರೀ ಒಂದು ತುಂಡು ಕೊಟ್ರೂ ಅದು ಹುಡುಕುತ್ತಾ?"

"ಹುಡುಕುತ್ತೆ. ಎಲ್ಲಿ ಬೇಕೋ ಅಲ್ಲಿಗೆ ಚೌಕ ಎಳೆದ್ರೆ ಆಯ್ತು."

"ಆ ಸುಕ್ಕಿನ ಸುತ್ತ ಎಳಿ."

ಪುಟ್ಟಿ ಬುಟ್ಟಿಯವರ ಚಿತ್ರ ತೆರೆದು, ಅಂಟಿನ ಅಂಚು ಮತ್ತು ಅಕ್ಕಿಕಾಳಿನಷ್ಟು ಸುಕ್ಕು ಇಷ್ಟನ್ನೇ ಚೌಕದೊಳಗೆ ಹಿಡಿದಳು. ಪರದೆಯಲ್ಲಿ ಚಿಕ್ಕ ಚಕ್ರ ತಿರುಗಿತು. ಗೋಡೆ ತನ್ನ ಬುದ್ಧಿಗೆ ತೋಚಿದ್ದನ್ನೆಲ್ಲ ತಂದು ಸುರಿಯಿತು: ಲಕೋಟೆಯ ಅಂಚು, ಯಾರದೋ ಕಾಲರು, ಮುದುರಿದ ಹಾಸಿಗೆ, ಒಂದು ಆನೆಮರಿಯ ಕಿವಿ.

"ಆನೆ ಕಿವಿ!" ಪುಟ್ಟಿಗೆ ಅಳು ಬಂತು.

"ಇನ್ನೂ ಕೆಳಗೆ ಹೋಗು. ಫೋಟೋ ನೋಡೋಕೆ ಆತುರ ಇರಬಾರದು. ಎಷ್ಟು ಜನ ಮದುಮಗಳನ್ನ ನೋಡೋ ಆತುರದಲ್ಲಿ ಹಿಂದಿನ ಅಡ್ಡಮುಖದ ಬೀಗರನ್ನ ಬಿಟ್ಟಿದಾರೆ ಗೊತ್ತಾ?"

ನಲವತ್ತನೆಯದೋ ಐವತ್ತನೆಯದೋ ಚಿತ್ರಕ್ಕೆ ಪುಟ್ಟಿಯ ಬೆರಳು ನಿಂತಿತು.

ಅದೇ ಶೇಡು. ಅದೇ ಸುಕ್ಕು. ಆದರೆ ಚಿತ್ರ ಅಗಲವಾಗಿತ್ತು. ಬುಟ್ಟಿಯವರು ಕತ್ತರಿಸಿ ಎಸೆದಿದ್ದ ಎಡಭಾಗ ಇಲ್ಲಿ ಇಡಿಯಾಗಿತ್ತು. ಆ ಎಡಭಾಗದಲ್ಲಿ ಒಂದು ಬೂದು ಉಣ್ಣೆಯ ಉಂಡೆ, ಅದಕ್ಕೆ ಚುಚ್ಚಿದ ಎರಡು ಹೆಣಿಗೆ ಕಡ್ಡಿ.

ಚಿತ್ರ ಹಾಕಿದ್ದವರ ಫಲಕದ, ಅಂದರೆ ಗೋಡೆಯಲ್ಲಿ ಅವರ ಪಾಲಿನ ಪುಟದ, ಹೆಸರು: 'ನನ್ನ ಸೊಸೆ ಕೈಚಳಕ'.

ಇಬ್ಬರೂ ಒಟ್ಟಿಗೆ ಒಳಕೋಣೆಯ ಕಡೆ ತಿರುಗಿದರು. ಅಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು.

"ಅತ್ತೆ!"

ಯಂತ್ರ ನಿಂತಿತು.

ಅತ್ತೆ, ಅಂದರೆ ಗಂಡನ ತಾಯಿ, ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ಈಗ ಪ್ರತಿ ಶೇಡಿನ ಬಟ್ಟೆಯ ಅಂಚು ಹೊಲಿಯುವುದು ಅವರೇ. ಸಂಜೆ ನಡುಮನೆಯ ಬೆತ್ತದ ಗಿಡ್ಡ ಪೀಠದ ಮೇಲೆ, ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿ ಕೂತು ಹೆಣೆಯುತ್ತಾರೆ. ಅವರು ಹೊಸಿಲಿಗೆ ಬಂದು ನಿಂತು, ಪರದೆ ನೋಡಿ, ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಮಾವನನ್ನು ದುರುಗುಟ್ಟಿದರು.

"ಸ್ಟುಡಿಯೋದವರೇ, ಹೆಂಗಸರ ಫೋನಿನೊಳಗೆ ಇಣುಕೋದು ಯಾವ ಸಂಸ್ಕಾರ?"

"ಇದು ಗೋಡೆ ಟೀಚರಮ್ಮ. ಗೋಡೆ ಮೇಲಿದ್ದಿದ್ದನ್ನ ದಾರೀಲಿ ಹೋಗೋರೂ ನೋಡ್ತಾರೆ."

"ನೀವಾ ಅತ್ತೆ, ಇದು ನಿಮ್ಮದಾ?" ಪುಟ್ಟಿ ಪರದೆಗೆ ಬೆರಳು ತೋರಿಸಿದಳು. "ನನ್ನ ಶೇಡು ನಾನು ಹಾಕೋಕೆ ಮುಂಚೆ ನೀವು ಹಾಕ್ತಿದ್ರಾ?"

"ಹಾಕ್ತಿದ್ದೆ. ಏನೀಗ? ನನ್ನ ಸೊಸೆ ಮಾಡಿದ್ದನ್ನ ನಾನು ನಾಲ್ಕು ಜನಕ್ಕೆ ತೋರಿಸಿದ್ರೆ ಅದು ಕಳ್ಳತನವಾ?"

"ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ನನ್ನೆದುರಿಗೆ 'ಚೆನ್ನಾಗಿದೆ' ಅಂದಿಲ್ವಲ್ಲ ಅತ್ತೆ! 'ಪರವಾಗಿಲ್ಲ' ಅಂತೀರಿ. ತುಂಬಾ ಖುಷಿಯಾದ ದಿನ 'ಹ್ಞೂಂ' ಅಂತೀರಿ."

"ಹೊಗಳಿದ ಮಕ್ಕಳ ಹೊಲಿಗೆ ಮಾರನೇ ದಿನವೇ ಸಡಿಲ ಆಗುತ್ತೆ. ಮೂವತ್ತು ವರ್ಷ ನೋಡಿದೀನಿ." ಅತ್ತೆ ಸೆರಗಿಲ್ಲದ ಉಡುಪಿನಲ್ಲೂ ಸೆರಗು ಸರಿಮಾಡಿಕೊಳ್ಳುವ ಗತ್ತಿನಲ್ಲಿ ಭುಜ ಕೊಡವಿದರು. "ಅದಕ್ಕೇ ನಿನಗೆ ಕಾಣದ ಕಡೆ ಹೊಗಳ್ಕೊಂಡೆ. ಹೊಟ್ಟೇಲಿ ಇಟ್ಕೊಂಡ್ರೆ ಉಬ್ಬರ ಆಗುತ್ತಲ್ಲ."

ಮಾವ ಮೆಲ್ಲಗೆ ಫಲಕವನ್ನು ಕೆಳಗೆ ಸರಿಸುತ್ತಿದ್ದರು. ಸರಿಸಿದಷ್ಟೂ ಅವರ ಹುಬ್ಬು ಮೇಲಕ್ಕೆ ಹೋಗುತ್ತಿತ್ತು.

"ಪುಟ್ಟಿ, ನಿನ್ನ ಚಿತ್ರಗಳಿಗೆ ಏನಂತ ಹೆಸರು ಕೊಡ್ತೀಯ?"

"'ಮಂದಹಾಸ, ಮಾದರಿ ಹದಿನಾಲ್ಕು', ಹಾಗೆ."

"ನಿಮ್ಮತ್ತೆ ಬರೆದಿರೋದು ಕೇಳು." ಮಾವ ಅತ್ತೆಯ ಶಾಲೆಯ ದನಿಯನ್ನೇ ಬಾಯಿಗೆ ತಂದುಕೊಂಡು ಓದಿದರು: "'ಮಗು ಮಲಗುವ ಕೋಣೆಗೆ ಕಣ್ಣು ಕುಕ್ಕದ ದೀಪ. ಸೊಸೆ ಮಾಡಿದ್ದು. ಅಂಚು ಮಾತ್ರ ನನ್ನದು.' ಇನ್ನೊಂದು: 'ಪುಸ್ತಕ ಓದುವವರ ಪಕ್ಕದಲ್ಲಿ ನಿದ್ದೆ ಮಾಡುವವರಿಗೆ ತೊಂದರೆ ಕೊಡದ ದೀಪ.' ಇನ್ನೊಂದು: 'ಚಿಕ್ಕ ಕೋಣೆಯನ್ನು ದೊಡ್ಡದಾಗಿ ತೋರಿಸುವ ದೀಪ, ಬಾಡಿಗೆ ಮನೆಯವರು ನೋಡಿ.'"

"ಜನಕ್ಕೆ ಬೇಕಾಗಿರೋದನ್ನ ಬರೀಬೇಕು," ಎಂದರು ಅತ್ತೆ. "ಮಾದರಿ ಹದಿನಾಲ್ಕು ಬೇಕು ಅಂತ ಯಾರಾದ್ರೂ ಮನೇಲಿ ಹಂಬಲಿಸ್ತಾರಾ?"

ಚಿತ್ರದ ಕೆಳಗಿನ ಸಂಖ್ಯೆ ನೋಡಿ ಪುಟ್ಟಿ ಕಣ್ಣುಜ್ಜಿಕೊಂಡಳು. ಓದುವವರ ದೀಪವೊಂದನ್ನೇ ಒಂಬತ್ತು ಸಾವಿರ ಜನ ತಮ್ಮ ತಮ್ಮ ಫಲಕಕ್ಕೆ ತೆಗೆದಿಟ್ಟುಕೊಂಡಿದ್ದರು. ಚಿತ್ರವನ್ನು ಮುಟ್ಟಿದಳು. ತೆರೆದದ್ದು ಅವಳದೇ ಅಂಗಡಿ. ಇನ್ನೊಂದನ್ನು ಮುಟ್ಟಿದಳು. ಮತ್ತೆ ಮಂದಹಾಸ. ಪ್ರತಿ ಚಿತ್ರದ ಬೆನ್ನಿಗೂ ಅತ್ತೆ ಸೊಸೆಯ ಅಂಗಡಿಯ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿ ಸೇರಿಸಿದ್ದರು.

'ಎಲ್ಲೋ ಒಂದು ಕಡೆ ನೋಡಿ ಬಂದ್ವಿ' ಎನ್ನುತ್ತಿದ್ದ ಗಿರಾಕಿಗಳೆಲ್ಲ ಬಂದದ್ದು ಎಲ್ಲಿಂದ ಎಂದು ಪುಟ್ಟಿಗೆ ಈಗ ತಿಳಿಯಿತು. ಅವಳು ಅತ್ತೆಯನ್ನು ತಬ್ಬಿಕೊಂಡಳು.

"ಬಿಡೇ, ಬಿಡು. ಕತ್ತಿನ ಹತ್ರ ಸೂಜಿ ಸಿಕ್ಕಿಸಿದೀನಿ, ಚುಚ್ಚುತ್ತೆ," ಎಂದರು ಅತ್ತೆ. ಬಿಡಿಸಿಕೊಳ್ಳಲು ಮಾತ್ರ ಹೋಗಲಿಲ್ಲ.

ಮಾವ ಕೆಮ್ಮಿದರು. "ನಾಲ್ಕೂವರೆ ಆಯ್ತು. ತಬ್ಬಿಕೊಳ್ಳೋದಕ್ಕೆ ಐದರ ಗಡುವಿಲ್ಲ, ರುಜುವಾತಿಗಿದೆ. ಬುಟ್ಟಿಯವರು ಈ ಶೇಡನ್ನ ಇಲ್ಲಿಂದಲೇ ಎತ್ತಿ, ಕತ್ತರಿಸಿ, ಮಂಗಳವಾರ ಹಾಕಿದಾರೆ. ನೀನು ಅದರ ಮುಂದಿನ ಮಂಗಳವಾರ. ಟೀಚರಮ್ಮ, ನೀವು ಹಾಕಿದ್ದು ಯಾವತ್ತು?"

"ಹಚ್ಚಿದ ಸಂಜೆಯೇ. ಸೋಮವಾರ."

"ಕಳ್ಳನಿಗಿಂತ ಒಂದು ದಿನ ಮೊದಲು, ಅದೂ 'ನನ್ನ ಸೊಸೆ ಮಾಡಿದ್ದು' ಅಂತ ಬರೆದು!" ಮಾವ ಮೇಜು ಗುದ್ದಿದರು. "ಇದಕ್ಕಿಂತ ರುಜುವಾತು ಬೇಕಾ?"

ಆದರೆ ಗೋಡೆ ಹೊರಗಿನವರಿಗೆ 'ಹೋದ ತಿಂಗಳು' ಎಂದಷ್ಟೇ ತೋರಿಸುತ್ತಿತ್ತು. ದಿನ, ಗಂಟೆ ಎಲ್ಲ ಕಾಣುವುದು ಫಲಕದ ಒಡತಿಗೆ ಮಾತ್ರ. ಅತ್ತೆ ತಾವೇ ಹೊಲಿದ ಹೂವಿನ ಚೀಲದಿಂದ ಫೋನು ತೆಗೆದು ಪುಟ್ಟಿಯ ಕೈಗಿಟ್ಟರು.

ಪುಟ್ಟಿ ಒಂದೊಂದೇ ಚಿತ್ರದ ದಿನಾಂಕವನ್ನು ಪರದೆಯಿಂದ ಸೆರೆಹಿಡಿದು, ದೂರಿನ ಉತ್ತರಕ್ಕೆ ಜೋಡಿಸಿದಳು. ಹದಿನೇಳು ಶೇಡು, ಹದಿನೇಳು ದಿನಾಂಕ. ಪ್ರತಿಯೊಂದರಲ್ಲೂ ಅತ್ತೆ ಮುಂದೆ, ಬುಟ್ಟಿ ಹಿಂದೆ.

"ಕೊನೆಗೆ ನಿಮ್ಮ ಖಾತೆಯ ಹೆಸರು ಕೇಳ್ತಿದೆ ಅತ್ತೆ."

"ಮೇಲೆ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರದ ಚಿತ್ರ ಇದೆಯಲ್ಲ, ಅದನ್ನ ಒತ್ತು."

ಪುಟ್ಟಿ ಒತ್ತಿದಳು. ಪುಟ್ಟ ಪಟ್ಟಿಯೊಂದು ಕೆಳಗಿಳಿಯಿತು. ಈ ಫೋನಿನಲ್ಲಿ ತೆರೆದಿಟ್ಟ ಖಾತೆಗಳ ಪಟ್ಟಿ ಅದು. ಅದರಲ್ಲಿ ಎರಡು ಹೆಸರಿದ್ದವು.

ಮೊದಲನೆಯದು 'ನನ್ನ ಸೊಸೆ ಕೈಚಳಕ'.

ಎರಡನೆಯದು 'ಬೆಳಕಿನ ಬುಟ್ಟಿ'.

ಪುಟ್ಟಿ ಫೋನನ್ನು ಅತ್ತೆಯ ಕಡೆ ತಿರುಗಿಸಿದಳು.

"ಅತ್ತೆ, ಇದು?"

"ಅದಾ? ಅದು ಮೊದಲಿಂದ ಇದೆ. ಯಾವುದೋ ಜಾಹೀರಾತು ಅಂದ್ಕೊಂಡು ನಾನು ಮುಟ್ಟಿಲ್ಲ." ಅತ್ತೆ ಬಗ್ಗಿ ಓದಿದರು. ಓದುತ್ತ ಓದುತ್ತ ಅವರ ಕೈ ಕುರ್ಚಿಯ ಬೆನ್ನನ್ನು ಹುಡುಕಿತು. "ಅಯ್ಯೋ... ಪುಟ್ಟಿ, ನಿನ್ನಾಣೆ ಕಣೇ..."

"ನೀವಲ್ಲ ಅಂತ ನನಗೆ ಗೊತ್ತು," ಎಂದು ಪುಟ್ಟಿ ಆ ಕೈಯನ್ನು ಹಿಡಿದುಕೊಂಡಳು. "ಮೊದಲಿಂದ ಅಂದ್ರೆ ಯಾವಾಗಿಂದ?"

"ಫೋನು ಬಂದಾಗಿಂದ. ಹತ್ತು ತಿಂಗಳಾಯ್ತು. ಹೊಸದಲ್ಲವಲ್ಲ ಇದು, ಯಾರೋ ಬಳಸಿದ್ದು."

"ಕೊಟ್ಟಿದ್ದು ಯಾರು?"

ಅತ್ತೆಯ ಕತ್ತು ನಿಧಾನವಾಗಿ ತಿರುಗಿತು. ಅದು ನಿಂತದ್ದು ಸ್ಟುಡಿಯೋ ಮಾವನ ಮುಖದ ಮುಂದೆ.

ಮಾವ ಆಗಲೇ ಭೂತಗನ್ನಡಿಯನ್ನು ಕೆಳಗಿಟ್ಟಿದ್ದರು. ಬೇರೆಯವರ ಮುಖದಿಂದ ಎಷ್ಟೋ ಕಲೆ ಅಳಿಸಿದ ಮನುಷ್ಯನ ಮುಖ ಈಗ ಎಲ್ಲವನ್ನೂ ತೋರಿಸುತ್ತಿತ್ತು.

"ಮಾವ?"

"ಅದನ್ನ ಕಳಿಸಬೇಡ ಪುಟ್ಟಿ."

"ಯಾಕೆ?"

"ಕಳಿಸಿದ್ರೆ ಅವರು ಹಿಂದೆಮುಂದೆ ಎಲ್ಲ ನೋಡ್ತಾರೆ. ಎರಡೂ ಖಾತೆ ಒಂದೇ ಫೋನಿನಲ್ಲಿದೆ ಅಂತ ಕಂಡುಹಿಡೀತಾರೆ. ಯಾರ ಹೆಸರಲ್ಲಿ ಬುಟ್ಟಿ ಶುರುವಾಯ್ತು ಅಂತಲೂ ಗೊತ್ತಾಗುತ್ತೆ. ಆಮೇಲೆ ನಾನು ಯಾವ ಕುಂಚ ತಗೊಂಡು ತಿದ್ದಿದ್ರೂ ಅದು ಅಳಿಯಲ್ಲ."

"ಕಳಿಸದಿದ್ರೆ ಅಂಗಡಿ ಹೋಗುತ್ತೆ."

"ಅಂಗಡಿ ಇನ್ನೊಂದು ಮಾಡಬಹುದು ಮಗಳೇ."

ನಾಲ್ಕೂ ಐವತ್ತಾರು. ಪುಟ್ಟಿಯ ಹೆಬ್ಬೆರಳು ಗುಂಡಿಯ ಮೇಲಿತ್ತು. ಬಾಲ್ಯದಲ್ಲಿ ಸ್ಟುಡಿಯೋದ ಕತ್ತಲಕೋಣೆಗೆ ಕರೆದೊಯ್ದು, ಖಾಲಿ ಕಾಗದದ ಮೇಲೆ ಮುಖ ಮೂಡುವುದನ್ನು ತೋರಿಸಿದ ಮನುಷ್ಯ ಇವರು. ಅಪ್ಪ ತೀರಿಕೊಂಡ ಮೇಲೆ ಶಾಲೆಯ ಪ್ರತಿ ಸಹಿಯನ್ನೂ ಹಾಕಿದವರು.

ಅತ್ತೆ ಅವಳ ಭುಜದ ಮೇಲೆ ಕೈಯಿಟ್ಟರು. ಮೂವತ್ತು ವರ್ಷ ಮಕ್ಕಳನ್ನು ನೋಡಿದ ಆ ಕಣ್ಣು ಮಾವನನ್ನೇ ಅಳೆಯುತ್ತಿತ್ತು.

"ಒತ್ತು ಪುಟ್ಟಿ," ಎಂದರು ಅತ್ತೆ. "ಕೈಚಳಕ ನಿಂದು. ಚೆನ್ನಾಗಿದೆ ಕಣೇ. ತುಂಬಾ ಚೆನ್ನಾಗಿದೆ."

ಮಾವನ ಕಣ್ಣನ್ನೇ ನೋಡುತ್ತ ಪುಟ್ಟಿ ಗುಂಡಿ ಒತ್ತಿದಳು.

'ನಿಮ್ಮ ರುಜುವಾತು ತಲುಪಿದೆ' ಎಂದಿತು ಗೋಡೆ.

ಮಾವ ಕುರ್ಚಿಯಲ್ಲಿ ಕುಸಿದರು. ಕನ್ನಡಕ ತೆಗೆದರು. ಅವರ ದನಿ ಯಾರ ಅನುಕರಣೆಯೂ ಅಲ್ಲದೆ, ಬರಿಯ ಮುದುಕನದಾಗಿತ್ತು.

"ಆ ಫೋನು ನಿಮ್ಮತ್ತೆಗೆ ಕೊಟ್ಟಿದ್ದು ನಾನೇ. ಅದು ನಿಜ. ಆದ್ರೆ ನನಗೆ ಕೊಟ್ಟಿದ್ದು ನಿನ್ನ ಗಂಡ. 'ನಂದು ಅಂದ್ರೆ ಅಮ್ಮ ಮುಟ್ಟಲ್ಲ, ನೀವೇ ಕೊಟ್ಟ ಹಾಗೆ ಕೊಡಿ' ಅಂದ. ಬುಟ್ಟಿ ಅವನದು ಅಂತ ನನಗೂ ಈಗ್ಲೇ ಗೊತ್ತಾಗಿದ್ದು."

ಪುಟ್ಟಿ ಹೂವಿನ ಚೀಲದಿಂದ ಬಿಡಿಸಿದ ಆ ಬರಿಯ ಫೋನನ್ನು ಮೊದಲ ಬಾರಿಗೆ ತಿರುಗಿಸಿ ನೋಡಿದಳು. ಹಿಂಬದಿಯ ಮೂಲೆಯಲ್ಲಿ ಸ್ಕ್ರೂಡ್ರೈವರ್ ಜಾರಿ ಆದ ಉದ್ದನೆಯ ಗೀರು, ಗಂಡನ ಹಳೆಯ ಫೋನಿನಲ್ಲಿ ಅವಳು ದಿನವೂ ಕಂಡಿದ್ದ ಅದೇ ಗೀರು.

ಹತ್ತು ತಿಂಗಳ ಹಿಂದೆ, ಫೋನು ಲಿಫ್ಟಿನ ಹೊಂಡಕ್ಕೆ ಬಿದ್ದು ಪುಡಿಪುಡಿಯಾಯಿತೆಂದು ಮುಖ ಸಣ್ಣದು ಮಾಡಿಕೊಂಡು ಬಂದ ಗಂಡನಿಗೆ 'ಹೋಗ್ಲಿ ಬಿಡ್ರೀ' ಎಂದು ತಲೆ ಸವರಿ ಸಮಾಧಾನ ಮಾಡಿದ್ದವಳು ಅವಳೇ.